ನಡುಮನೆಯಲ್ಲಿ ಕೋಂಗಾ, ತಟ್ಟೆಯಲ್ಲಿ ಕೋಡುಬಳೆ

ಹಿಂದಿನ ಅಂಕಣದ ಕೊನೆಗೆ ಸುಮ್ನೆ ನಾಲ್ಕು ಸಾಲು ಸೇರಿಸಿದ್ದೆ. ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಮಗನ ಮನೆಯಲ್ಲಿದ್ದೇನೆ, ಪಕ್ಕದ ಬೀದಿಯ ಒಂದು ಮನೆಯಲ್ಲಿ ಐದು ಜನರ ಲ್ಯಾಟಿನ್ ಜಾಝ್ ತಂಡದ ಕಚೇರಿ ಕೇಳಿದೆ, ಅಲ್ಲಿ ನಾನು ತಾಳ ತಪ್ಪಿದೆ ಅಂತ. ಅಷ್ಟೇ. ಖರಹರಪ್ರಿಯ ರಾಗದ ಬಗ್ಗೆ ಮೂರು ಪುಟ ಬರೆದಾಗ ಬಾರದಷ್ಟು ಪತ್ರಗಳು ಈ ನಾಲ್ಕು ಸಾಲಿಗೆ ಬಂದಿವೆ. ಸಂಗೀತದ ಬಗ್ಗೆ ಬುದ್ಧಿ ಹೇಳುವವಳು ತಾಳ ತಪ್ಪಿದಳು ಅಂದರೆ ನಿಮಗೆಲ್ಲ ಎಷ್ಟು ಖುಷಿ! ಇರಲಿ. ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರ: ಮನೆಯೊಳಗೆ ಜಾಝ್ ಅಂದರೆ ಕಿವಿ ತೂತಾಗಲ್ವಾ ಮೇಡಂ? ಯಾರು ಕರೆದರು, ಎಲ್ಲಿ ಕೂತಿರಿ, ಎಲ್ಲ ಬಿಡಿಸಿ ಹೇಳಿ. (ಗೃಹಿಣಿ, ಹಾಸನ)

ಉ: ಕರೆದವರು ನಿವೃತ್ತ ನರ್ಸ್ ಒಬ್ಬರು. ಬೆಳಗಿನ ವಾಕಿಂಗ್‌ನಲ್ಲಿ ಅವರ ನಾಯಿ ನನ್ನ ಸೆರಗಿನ ಹಿಂದೆ ಬಿದ್ದು ಆದ ಪರಿಚಯ. ವರ್ಷಕ್ಕೆ ಮೂರು ನಾಲ್ಕು ಸಲ ತಮ್ಮ ಮನೆಯಲ್ಲೇ ಕಚೇರಿ ಇಡಿಸುತ್ತಾರೆ. ಅವತ್ತು ಸೋಫಾ, ಟೀಪಾಯಿ ಎಲ್ಲ ಕಾರು ನಿಲ್ಲಿಸುವ ಜಾಗಕ್ಕೆ ಹೋಗಿತ್ತು. ಮಡಚುವ ಕುರ್ಚಿ 32 ಇತ್ತು. ಮಹಡಿಗೆ ಹೋಗುವ ಮೆಟ್ಟಿಲ ಮೇಲೆ ಎಂಟು ಜನ. ಎಣಿಸಿದೆ, ಏನು ಮಾಡಲಿ, ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳ ಚಾಳಿ.

ನನಗೆ ಮೊದಲ ಸಾಲು ಸಿಕ್ಕಿತು. ಕೋಂಗಾದಿಂದ ನಾಲ್ಕೇ ಅಡಿ. ಕೋಂಗಾ ಅಂದರೆ ಕೈಯಲ್ಲಿ ಬಾರಿಸುವ, ಕ್ಯೂಬಾದ ಉದ್ದನೆಯ ಡ್ರಮ್. ಗೋಡೆಗೆ ಒರಗಿಸಿದ ಪಿಯಾನೊ, ಅದಕ್ಕೆ ಆವತ್ತು ಬೆಳಗ್ಗೆ ಶ್ರುತಿ ಮಾಡಿಸಿದ್ದರು. ಕೊಳಲು ನುಡಿಸುವಾಕೆ ಕಿಟಕಿ ಹತ್ತಿರ. ಬಾಸ್‌ನವರು ಪುಸ್ತಕದ ಕಪಾಟಿಗೂ ತಮ್ಮ ವಾದ್ಯಕ್ಕೂ ನಡುವೆ ಸಿಕ್ಕಿಹಾಕಿಕೊಂಡಂತೆ ನಿಂತಿದ್ದರು. ಮೈಕ್ ಒಂದೂ ಇಲ್ಲ. ಬಾಸ್‌ಗೆ ಮಾತ್ರ ನಮ್ಮ ರೈಸ್ ಕುಕ್ಕರ್‌ನಷ್ಟು ದೊಡ್ಡದೊಂದು ಆಂಪ್ಲಿಫೈಯರ್. ಐದನೆಯವರು ಟಿಂಬಾಲೆಸ್ ತಂದಿದ್ದರು. ಅದು ಲೋಹದ ಮೈ ಇರುವ ಜೋಡಿ ಡ್ರಮ್, ಕೋಲಿನಲ್ಲಿ ಬಾರಿಸುವುದು. ಕೋಣೆ ನೋಡಿದವರೇ ತಲೆ ಆಡಿಸಿ ಅದನ್ನು ವ್ಯಾನಿನಲ್ಲೇ ಬಿಟ್ಟರು. ಬದಲಿಗೆ ಕಹೋನ್ ತಂದು ಅದರ ಮೇಲೆ ಕೂತರು. ಅದು ಮರದ ಡಬ್ಬ, ಬಾರಿಸುವವರೇ ಅದರ ಮೇಲೆ ಕೂತು ಮುಂದಿನ ಹಲಗೆಗೆ ಕೈಯಲ್ಲಿ ಬಾರಿಸುತ್ತಾರೆ.

ಹಾಗಾಗಿ ಕಿವಿ ತೂತಾಗಲಿಲ್ಲ. ನಮ್ಮ ಛತ್ರದ ವಾಲಗ ಇದಕ್ಕಿಂತ ಹತ್ತು ಪಾಲು ಜೋರು. ಬದಲಿಗೆ ಏನೇನು ಕೇಳಿಸಿತು ಗೊತ್ತಾ? ಕೋಂಗಾದವರ ಅಂಗೈ ಚರ್ಮದ ಮೇಲೆ ಜಾರುವ ಸದ್ದು. ಕೊಳಲಿನಾಕೆ ಉಸಿರು ಎಳೆಯುವುದು. ಪಿಯಾನೊ ಪೆಡಲ್‌ನ ಕಿರ್ ಅನ್ನೋ ನರಳಾಟ. ಬಾಸ್‌ನವರು ತಾವು ನುಡಿಸುವುದನ್ನು ಬಾಯಲ್ಲೇ ಗುನುಗುತ್ತಾರೆ, ಅದೂ ಕೇಳಿಸಿತು. ದೊಡ್ಡ ಸಭೆಯಲ್ಲಿ ಇದೆಲ್ಲ ನಮ್ಮ ತನಕ ಬರುವುದೇ ಇಲ್ಲ.

ಪ್ರ: ಲ್ಯಾಟಿನ್ ಜಾಝ್ ಅಂದರೆ ನಿಜವಾಗಿ ಏನು? ಲ್ಯಾಟಿನ್ ಭಾಷೆಗೂ ಅದಕ್ಕೂ ಸಂಬಂಧ ಇದೆಯೇ? (ಪದವಿ ವಿದ್ಯಾರ್ಥಿನಿ, ಶಿವಮೊಗ್ಗ)

ಉ: ಭಾಷೆಗೆ ಸಂಬಂಧ ಇಲ್ಲ. ಲ್ಯಾಟಿನ್ ಅಮೆರಿಕ ಅನ್ನುವಾಗಿನ ಲ್ಯಾಟಿನ್. ಅದರಲ್ಲೂ ಮುಖ್ಯವಾಗಿ ಕ್ಯೂಬಾ. ಅಮೆರಿಕದ ಕಪ್ಪು ಜನರ ಜಾಝ್‌ಗೆ ಅಲ್ಲಿನ ಲಯ ಸೇರಿದರೆ ಲ್ಯಾಟಿನ್ ಜಾಝ್.

ಕಥೆ ಚರ್ಮವಾದ್ಯದಿಂದ ಶುರು ಮಾಡೋಣ. ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಎರಡೂ ಕಡೆ ಇದ್ದರು, ಉತ್ತರ ಅಮೆರಿಕದಲ್ಲೂ ಕ್ಯೂಬಾದಲ್ಲೂ. 1739ರಲ್ಲಿ ಸೌತ್ ಕೆರೊಲಿನಾದಲ್ಲಿ ಗುಲಾಮರು ದಂಗೆ ಎದ್ದರು, ಡ್ರಮ್ ಬಡಿದು ಜನ ಸೇರಿಸಿದರು. ಮರುವರ್ಷವೇ ಅಲ್ಲಿನ ಕಾನೂನು ಗುಲಾಮರ ಕೈಯಿಂದ ಡ್ರಮ್ ಕಿತ್ತುಕೊಂಡಿತು. ಕ್ಯೂಬಾದಲ್ಲಿ ಗುಲಾಮಗಿರಿ 1886ರ ತನಕ ಇತ್ತು, ಕ್ರೌರ್ಯಕ್ಕೇನೂ ಕಡಿಮೆ ಇರಲಿಲ್ಲ. ಆದರೆ ಅಲ್ಲಿ ಆಫ್ರಿಕಾದ ಒಂದೊಂದು ಕುಲದವರೂ ತಮ್ಮದೇ ಸಂಘ ಕಟ್ಟಿಕೊಳ್ಳಲು ಬಿಟ್ಟಿದ್ದರು. ಹಾಗಾಗಿ ಡ್ರಮ್ಮೂ ಅದರ ಪಾಠವೂ ಉಳಿಯಿತು. ಉತ್ತರದ ಜಾಝ್ ಕಹಳೆ, ಪಿಯಾನೊ ಹಿಡಿದು ಬೆಳೆಯಿತು. ಕ್ಯೂಬಾದಲ್ಲಿ ಕೈಪೆಟ್ಟು ಬೆಳೆಯಿತು.

ಇವೆರಡೂ ಮೊದಲಿಂದಲೇ ಪರಿಚಿತ. ಕ್ಯೂಬಾದ ಹವಾನಾಗೂ ಜಾಝ್‌ನ ತವರು ನ್ಯೂ ಆರ್ಲಿಯನ್ಸ್‌ಗೂ ಹಡಗು ಓಡಾಡುತ್ತಿತ್ತು. ಜೆಲ್ಲಿ ರೋಲ್ ಮಾರ್ಟನ್ ಅನ್ನುವ ಹಳೇ ಪಿಯಾನೊ ವಾದಕರು 1938ರಲ್ಲಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಧ್ವನಿಮುದ್ರಣ ಮಾಡಿಸಿದರು. ಹಾಡಿಗೆ ಒಂದಿಷ್ಟು ಸ್ಪ್ಯಾನಿಷ್ ಬಣ್ಣ ಬೀಳದಿದ್ದರೆ ಜಾಝ್‌ಗೆ ಬೇಕಾದ ಒಗ್ಗರಣೆ ಸಿಗುವುದಿಲ್ಲ ಅನ್ನುವ ಅರ್ಥದ ಮಾತು ಅದರಲ್ಲಿದೆ. ಒಗ್ಗರಣೆ ಅನ್ನೋದು ನನ್ನ ಅನುವಾದ, ತಪ್ಪಾಗಿಲ್ಲ ಅಂದುಕೊಂಡಿದ್ದೇನೆ.

ಸರಿಯಾದ ಮದುವೆ ಆದದ್ದು ನ್ಯೂಯಾರ್ಕಿನಲ್ಲಿ. ಹವಾನಾದ ಮಾರಿಯೋ ಬೌಸಾ 1930ರಲ್ಲಿ ಅಲ್ಲಿಗೆ ಬಂದರು, ಕಪ್ಪು ಜನರ ಜಾಝ್ ತಂಡಗಳಲ್ಲಿ ಟ್ರಂಪೆಟ್ ನುಡಿಸಿದರು. 1940ರಲ್ಲಿ ಅವರ ಭಾವಮೈದ ಮಚಿತೊ ಆಫ್ರೋ-ಕ್ಯೂಬನ್ಸ್ ಅಂತ ತಂಡ ಕಟ್ಟಿದರು. ಅದಕ್ಕೆ ಸಂಗೀತದ ಬೆನ್ನೆಲುಬು ಬೌಸಾ. 1943ರ ಅವರ 'ತಾಂಗಾ'ವನ್ನು ಈ ಜಾತಿಯ ಮೊದಲ ಕೃತಿ ಅಂತ ಎಣಿಸುತ್ತಾರೆ. ನಾಲ್ಕು ವರ್ಷದ ಮೇಲೆ ಜಾಝ್‌ನ ದೊಡ್ಡ ಕಹಳೆಗಾರ ಡಿಝಿ ಗಿಲೆಸ್ಪಿಗೆ ಒಬ್ಬ ಕೋಂಗಾ ವಾದಕ ಬೇಕಾದರು. ಬೌಸಾ ತೋರಿಸಿದ್ದು ಚಾನೊ ಪೋಸೊ ಅವರನ್ನು. 1947ರ ಸೆಪ್ಟೆಂಬರ್‌ನಲ್ಲಿ ಕಾರ್ನೆಗೀ ಹಾಲ್‌ನಲ್ಲಿ ಇಬ್ಬರೂ ಒಟ್ಟಿಗೆ ನುಡಿಸಿದರು. ಗಿಲೆಸ್ಪಿಗೆ ಸ್ಪ್ಯಾನಿಷ್ ಬಾರದು, ಚಾನೊಗೆ ಇಂಗ್ಲಿಷ್ ಬಾರದು. ಮರುವರ್ಷ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲೇ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನ ಒಂದು ಬಾರ್‌ನಲ್ಲಿ ಚಾನೊ ಅವರನ್ನು ಗುಂಡಿಟ್ಟು ಕೊಂದರು. ವಯಸ್ಸು 33. ಒಟ್ಟಿಗೆ ನುಡಿಸಿದ್ದು ಒಂದೂಕಾಲು ವರ್ಷ ಅಷ್ಟೇ, ಆದರೆ ಆಮೇಲೆ ಕೋಂಗಾ ಇಲ್ಲದ ಲ್ಯಾಟಿನ್ ಜಾಝ್ ಊಹಿಸುವುದೇ ಕಷ್ಟವಾಯಿತು.

ಪ್ರ: ನಾನು ಮೃದಂಗ ಕಲಿಯುತ್ತಿದ್ದೇನೆ. ಎಲ್ಲಿ ತಾಳ ತಪ್ಪಿತು ಅಂತ ಸರಿಯಾಗಿ ಹೇಳಿ. ಆದಿತಾಳ ಹಾಕಿದರೆ ಕೂರಲ್ವಾ? (ಮೈಸೂರು)

ಉ: ಕೂರುತ್ತದೆ ಮಗು. ಅದೇ ತೊಂದರೆ.

ಈ ಸಂಗೀತದ ಒಳಗೆ ಕ್ಲಾವೆ ಅಂತ ಒಂದು ಇದೆ. ಎರಡು ಗಟ್ಟಿಮರದ ಕೋಲಿಗೂ ಆ ಹೆಸರು, ಅದರಲ್ಲಿ ಬಾರಿಸುವ ಐದು ಪೆಟ್ಟಿನ ಜತಿಗೂ ಅದೇ ಹೆಸರು. ಬಾಯಲ್ಲಿ ಹೇಳು: ತಕಿಟ ತಕಿಟ ತಕಧಿಮಿ ತಕ ತಕಧಿಮಿ. 3, 3, 4, 2, 4. ಒಟ್ಟು 16. ಪ್ರತಿ ಸೊಲ್ಲಿನ ಮೊದಲ ಅಕ್ಷರಕ್ಕೆ ಒಂದೊಂದು ಪೆಟ್ಟು ಹಾಕು. ಅದೇ ಕ್ಲಾವೆ. ಮೊದಲ ಅರ್ಧದಲ್ಲಿ ಮೂರು ಪೆಟ್ಟು, ಉಳಿದ ಅರ್ಧದಲ್ಲಿ ಎರಡು.

ಈಗ ಕೈಯಲ್ಲಿ ಎಂಟು ಎಣಿಕೆಯ ಆದಿತಾಳ ಹಾಕಿಕೊಂಡು, ಒಂದು ಎಣಿಕೆಗೆ ಎರಡು ಮಾತ್ರೆ ಇಟ್ಟುಕೊಂಡು ಹೇಳಿ ನೋಡು. ಮೊದಲ ಪೆಟ್ಟು ಸಮದಲ್ಲೇ, ಅಂದರೆ ತಾಳದ ಮೊದಲ ಎಣಿಕೆಯಲ್ಲೇ ಬೀಳುತ್ತದೆ. ಎರಡನೆಯದು ಕಿರುಬೆರಳು ಮುಗಿದು ಉಂಗುರ ಬೆರಳು ಬರುವ ಮುಂಚೆ, ನಡುವಿನ ಸಂದಿಯಲ್ಲಿ. ಮೂರನೆಯದು ನಡುಬೆರಳಿಗೆ. ಆಮೇಲೆ ದ್ರುತದ (ಒಂದು ತಟ್ಟು, ಒಂದು ಅಂಗೈ ತಿರುವಿನ ಜೋಡಿ) ಮೊದಲ ತಟ್ಟು ಬರುತ್ತದಲ್ಲ, ನಾವೆಲ್ಲ ಸಭೆಯಲ್ಲಿ ಪಟ್ ಅಂತ ಹಾಕುವುದು, ಅಲ್ಲಿ ಕ್ಲಾವೆ ಬಾಯಿ ಮುಚ್ಚಿಕೊಂಡಿರುತ್ತದೆ. ಅಂಗೈ ತಿರುಗಿಸುವಾಗ ನಾಲ್ಕನೇ ಪೆಟ್ಟು, ಎರಡನೇ ತಟ್ಟಿಗೆ ಐದನೆಯದು. ಹತ್ತು ಸಲ ಮಾಡಿದರೆ ಕೂರುತ್ತದೆ. ನನಗೆ ಮೂರನೇ ಸಲಕ್ಕೇ ಕೂತಿತ್ತು. ಜಂಬ ಬಂತು. ಬರಬಾರದಿತ್ತು.

ಎರಡನೇ ಹಾಡು ಬಂದಾಗ ತೊಡೆಯ ಮೇಲೆ ಬೆರಳಲ್ಲಿ ಶುರು ಮಾಡಿದೆ. ಆಮೇಲೆ ಅದು ಚಪ್ಪಾಳೆಯಾಯಿತು. ಪಕ್ಕದ ಇಬ್ಬರು ನನ್ನನ್ನು ನೋಡಿ ಸೇರಿಕೊಂಡರು. ಹಿಂದಿನ ಸಾಲಿಗೂ ಹಬ್ಬಿತು. ಕೋಂಗಾದವರು ನನ್ನ ಕಡೆ ತಿರುಗಿ ನಕ್ಕರು. ಮೆಚ್ಚಿಕೊಂಡರು ಅಂದುಕೊಂಡು ಇನ್ನೂ ಜೋರಾಗಿ ಹಾಕಿದೆ. ಪಿಯಾನೊದಾಕೆಯ ಹುಬ್ಬು ಗಂಟಿಕ್ಕಿದ್ದು ಕಂಡಿತು, ಕಾರಣ ಗೊತ್ತಾಗಲಿಲ್ಲ. ಯಾಕೋ ಎಲ್ಲ ಬಿಗಿಯಾಯಿತು. ಊಟದಲ್ಲಿ ಕಲ್ಲು ಸಿಕ್ಕಿದ ಹಾಗೆ.

ಬಿಡುವಿನಲ್ಲಿ ಕೋಂಗಾದವರು ಹತ್ತಿರ ಬಂದರು. ಅರವತ್ತರ ಆಸುಪಾಸು, ಬಹಳ ಮೆತ್ತಗಿನ ಮಾತು. "ನಿಮ್ಮ ಲಯ ಗಟ್ಟಿ ಇದೆ" ಅಂದರು. ಆಮೇಲೆ ಹೇಳಿದರು, ಆ ಹಾಡು ಎರಡು-ಮೂರರದ್ದು, ನಾನು ಹಾಕಿದ್ದು ಮೂರು-ಎರಡು. ಅಂದರೆ ಆ ಹಾಡಿನಲ್ಲಿ ಎರಡು ಪೆಟ್ಟಿನ ಅರ್ಧ ಮೊದಲು, ಮೂರು ಪೆಟ್ಟಿನದು ಆಮೇಲೆ. ಎರಡು ಮಾತ್ರೆ ಸುಮ್ಮನಿದ್ದು, ತಕ ತಕಧಿಮಿ, ಮೇಲೆ ತಕಿಟ ತಕಿಟ ತಕ. ಮೊತ್ತ ಅದೇ 16. ಸಮವೂ ಅದೇ. ಆದರೆ ತಂಡ ಪೂರ್ತಿ ಒಂದು ಕಡೆಗೆ ವಾಲುವಾಗ ನಾನು ಇನ್ನೊಂದು ಕಡೆಗೆ ಎಳೆಯುತ್ತಿದ್ದೆ. ಇದಕ್ಕೆ ಅವರಲ್ಲಿ ಕ್ರುಸಾದೊ ಅನ್ನುತ್ತಾರೆ, ಅಡ್ಡ ಬಿದ್ದದ್ದು ಅಂತ. ಮೊತ್ತ ಸರಿ ಇದ್ದರೂ ಕ್ರಮ ತಪ್ಪಿದರೆ ಅಂಕ ಇಲ್ಲ ಅಂತ ಎಷ್ಟು ಮಕ್ಕಳ ಉತ್ತರ ಪತ್ರಿಕೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೋ.

ಹಾಗಾದರೆ ಯಾವ ಕಡೆ ಅಂತ ಗೊತ್ತಾಗುವುದು ಹೇಗೆ? ಕೇಳಿದೆ. ಪಿಯಾನೊ ಹಿಡಿಯಿರಿ ಅಂದರು. ಅದು ಒಂದೇ ತುಣುಕನ್ನು ತಿರುಗಿಸಿ ತಿರುಗಿಸಿ ನುಡಿಸುತ್ತಿರುತ್ತದೆ. ಅದರ ಒಂದು ಅರ್ಧ ನೆಲದ ಮೇಲೆ ಕಾಲೂರಿದ ಹಾಗೆ ಎಣಿಕೆಯ ಮೇಲೆ ಬೀಳುತ್ತದೆ. ಅದು ಸಾಮಾನ್ಯವಾಗಿ ಎರಡರ ಕಡೆ. ಇನ್ನೊಂದು ಅರ್ಧ ಎಣಿಕೆಗಳ ಸಂದಿಯಲ್ಲೇ ಹಾರಾಡುತ್ತದೆ. ಅದು ಮೂರರ ಕಡೆ. ಎರಡನೇ ಸುತ್ತಿನಲ್ಲಿ ಕೈ ಕಟ್ಟಿಕೊಂಡು ಕೂತು ಅದನ್ನೇ ಕೇಳಿದೆ. ನಾಲ್ಕನೇ ಹಾಡಿಗೆ ಸಿಕ್ಕಿತು.

ನನಗೆ ಆಶ್ಚರ್ಯ ಆದದ್ದು ಬೇರೆ. ಇಡೀ ಮೊದಲ ಸುತ್ತಿನಲ್ಲಿ ಆ ಕೋಲು ಯಾರೂ ಕೈಗೆತ್ತಿಕೊಂಡಿರಲಿಲ್ಲ. ಪಿಯಾನೊ ಮೇಲೆ ನೀರಿನ ಲೋಟದ ಪಕ್ಕ ಬಿದ್ದಿತ್ತು. ಐದು ಜನರಲ್ಲಿ ಒಬ್ಬರೂ ಕ್ಲಾವೆ ಬಾರಿಸುತ್ತಿರಲಿಲ್ಲ, ಐದು ಜನರೂ ಅದರ ಮೇಲೇ ನಡೆಯುತ್ತಿದ್ದರು. ನಮ್ಮಲ್ಲಿ ತಾಳ ಎಲ್ಲರ ಕಣ್ಣಿಗೂ ಕಾಣುತ್ತದೆ. ಹಾಡುವವರ ತೊಡೆ ಮೇಲಿದೆ, ಮೊದಲ ಸಾಲಿನ ಮಾವಂದಿರ ಕೈಯಲ್ಲಿದೆ. ಇಲ್ಲಿ ಯಾರ ಕೈಯಲ್ಲೂ ಇಲ್ಲ. ಬಾಸ್ ಅಂತೂ ಸಮವನ್ನೇ ಬಿಟ್ಟುಬಿಡುತ್ತದೆ. ಒಂದು ಎಣಿಕೆ ಮೊದಲೇ ಬಂದು, ಮುಂದಿನ ಸ್ವರ ಹಾಕಿ, ಸಮದ ಹೊತ್ತಿಗೆ ಸುಮ್ಮನಾಗಿರುತ್ತದೆ. ಸಮಕ್ಕೂ ಮೊದಲೇ ಹಾಡು ಎತ್ತುವ ನಮ್ಮ ಅತೀತ ಗ್ರಹ ಗೊತ್ತಲ್ಲ, ಅದರ ದಾಯಾದಿ. ಸಭೆಯಲ್ಲಿ ದೂರ ಕೂತಿದ್ದರೆ ನಾನು ಎಷ್ಟು ತಪ್ಪು ಹಾಕಿದರೂ ಅವರಿಗೆ ತಾಗುತ್ತಿರಲಿಲ್ಲ. ನಾಲ್ಕಡಿ ದೂರದಲ್ಲಿ ನಾನೂ ತಂಡದವಳೇ ಆಗಿಬಿಟ್ಟಿದ್ದೆ, ಯಾರೂ ಕರೆಯದೆ.

ಇನ್ನೊಂದು ಮನೆಪಾಠ. ಕ್ಯೂಬಾದ ರುಂಬಾ ಅನ್ನುವ ಹಾಡು-ಕುಣಿತಕ್ಕೆ ಹಾಕುವ ರುಂಬಾ ಕ್ಲಾವೆ ಅಂತ ಇದೆ. ತಕಿಟ ತಕಧಿಮಿ ತಕಿಟ ತಕ ತಕಧಿಮಿ. ಮೂರನೇ ಪೆಟ್ಟು ಒಂದೇ ಮಾತ್ರೆ ತಡ. ಹಾಕಿ ನೋಡು, ಎಷ್ಟು ವ್ಯತ್ಯಾಸ ಅಂತ ನಿನಗೇ ಗೊತ್ತಾಗುತ್ತದೆ. ನಿನ್ನ ಗುರುಗಳಿಗೆ ನಮಸ್ಕಾರ ಹೇಳು. ನಾನು ತಪ್ಪಿದ್ದು ಹೇಳಬೇಡ.

ಪ್ರ: ಕೋಂಗಾಗೂ ನಮ್ಮ ತಬಲಾಗೂ ಏನು ವ್ಯತ್ಯಾಸ? ನಾನು 7ನೇ ತರಗತಿ. (ಗದಗ)

ಉ: ಜಾಣ ಪ್ರಶ್ನೆ. ತಬಲಾ, ಮೃದಂಗದ ಚರ್ಮದ ಮೇಲೆ ಕಪ್ಪು ಬೊಟ್ಟು ಇದೆಯಲ್ಲ, ಕರಣೆ, ಕೋಂಗಾಗೆ ಅದಿಲ್ಲ. ಅದಕ್ಕೇ ಮೃದಂಗದ ಹಾಗೆ ನಿಚ್ಚಳ ಶ್ರುತಿಯ ನಾದ ಅದರಲ್ಲಿ ಬರುವುದಿಲ್ಲ, ದುಂಡನೆಯ ಗುಮುಕು ಬರುತ್ತದೆ. ಪೀಪಾಯಿ ಮಾಡುವ ಹಾಗೆ ಮರದ ಪಟ್ಟಿ ಜೋಡಿಸಿ ಮಾಡುತ್ತಾರೆ, ಈಗ ಫೈಬರ್‌ನದ್ದೂ ಇದೆ. ಸಣ್ಣದು ಕಿಂಟೊ, ನಡುವಿನದು ಕೋಂಗಾ, ದೊಡ್ಡದು ತುಂಬಾ. ಹೌದು, ತುಂಬಾ ದೊಡ್ಡದರ ಹೆಸರೇ ತುಂಬಾ! ಮೃದಂಗಕ್ಕೆ ಕಲ್ಲಲ್ಲಿ ತಟ್ಟಿ ಶ್ರುತಿ ಮಾಡಿದರೆ ಇವರು ಸ್ಪ್ಯಾನರ್ ತಂದು ನಟ್ಟು ತಿರುಗಿಸುತ್ತಾರೆ, ಸೈಕಲ್ ರಿಪೇರಿಯವರ ಹಾಗೆ. ನಟ್ಟು ಬರುವ ಮೊದಲು ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸುತ್ತಿದ್ದರು. ನಿಮ್ಮೂರ ಜಾತ್ರೆಯಲ್ಲಿ ಹಲಗೆಯವರು ಮಾಡುವುದನ್ನು ನೋಡಿರುತ್ತೀಯ, ಅದೇ.

ಪ್ರ: ಮನೆಯಲ್ಲಿ ಕಚೇರಿ ಅನ್ನೋದು ನಮ್ಮ ಪದ್ಧತಿ. ಧಾರವಾಡದಾಗ ಮನೆ ಬೈಠಕ್ ಕೇಳಿ ಬೆಳೆದವರು ನಾವು. ಅಮೆರಿಕದವರು ಇದನ್ನ ನಮ್ಮಿಂದ ಕಲಿತರೇನು? (ನಿವೃತ್ತ ಪ್ರಾಧ್ಯಾಪಕರು, ಧಾರವಾಡ)

ಉ: ಸರ್, ಬೈಠಕ್ಕಿನ ಸುಖ ನಿಮಗೆ ಗೊತ್ತಿದ್ದಷ್ಟು ನನಗೆ ಗೊತ್ತಿಲ್ಲ. ಆದರೆ ಅವರದ್ದು ಅವರದ್ದೇ. ಜಾಝ್ ಮನೆಯಲ್ಲೇ ಆಡಿ ಬೆಳೆದ ಕೂಸು. 1920ರ ದಶಕದ ಹಾರ್ಲೆಮ್‌ನಲ್ಲಿ ಬಾಡಿಗೆ ಕಟ್ಟಲು ದುಡ್ಡಿಲ್ಲದವರು ಮನೆಯಲ್ಲೇ ಪಾರ್ಟಿ ಇಡುತ್ತಿದ್ದರು. ಬಂದವರು ಬಾಗಿಲಲ್ಲಿ ಚಿಲ್ಲರೆ ಕೊಡಬೇಕು. ಒಳಗೆ ಊಟ, ಕುಡಿತ, ಪಿಯಾನೊ. ಫ್ಯಾಟ್ಸ್ ವಾಲರ್, ಜೇಮ್ಸ್ ಪಿ. ಜಾನ್ಸನ್ ಅಂಥವರು ಆ ಪಾರ್ಟಿಗಳಲ್ಲಿ ಒಬ್ಬರನ್ನೊಬ್ಬರು ಸೋಲಿಸಲು ನುಡಿಸಿದವರು. ತಿಂಗಳ ಬಾಡಿಗೆಗೆ ಅಷ್ಟು ಒಳ್ಳೆಯ ಸಂಗೀತ ಬೇರೆಲ್ಲೂ ಹುಟ್ಟಿರಲಾರದು.

ಕ್ಯೂಬಾದಲ್ಲಿ ರುಂಬಾ ಬೆಳೆದದ್ದು ವಠಾರದ ಅಂಗಳದಲ್ಲಿ. ನಮ್ಮ ಹಳೇ ಬೆಂಗಳೂರಿನ ವಠಾರದ ಹಾಗೇ, ನಡುವೆ ಅಂಗಳ, ಸುತ್ತ ಕೋಣೆ. ಡ್ರಮ್ ಇಲ್ಲದಿದ್ದರೆ ಬಂದರಿನ ಒಣಮೀನಿನ ಪೆಟ್ಟಿಗೆ ಬಡಿಯುತ್ತಿದ್ದರು. ನಮ್ಮ ಐದನೆಯವರು ಕೂತಿದ್ದಂಥ ಕಹೋನ್ ಪೆರು ದೇಶದ್ದು, ಆ ಪೆಟ್ಟಿಗೆಯ ದಾಯಾದಿ. ಈ ರುಂಬಾವನ್ನು 2016ರಲ್ಲಿ ಯುನೆಸ್ಕೊ ತನ್ನ ಪರಂಪರೆ ಪಟ್ಟಿಗೆ ಸೇರಿಸಿತು.

ಓಕ್ಲೆಂಡ್‌ನಿಂದ ಸುಮಾರು ಒಂದು ಗಂಟೆ ದಾರಿಯಲ್ಲಿ ಹಾಫ್ ಮೂನ್ ಬೇ ಅಂತ ಸಮುದ್ರ ತೀರ ಇದೆ. ಅಲ್ಲಿ ಪೀಟ್ ಡಗ್ಲಸ್ ಅನ್ನುವವರು ತಮ್ಮ ಮನೆಯಲ್ಲೇ ಜಾಝ್ ಇಡುತ್ತಿದ್ದರು. ಸರ್ಕಾರಿ ಕೆಲಸದವರು, ಕೋರ್ಟು ಜೈಲಿಗೆ ಕಳಿಸದೆ ಷರತ್ತು ಹಾಕಿ ಹೊರಗೆ ಬಿಟ್ಟವರ ಮೇಲೆ ಕಣ್ಣಿಡುವ ಅಧಿಕಾರಿ. ಗೆಳೆಯರು ಸೇರುತ್ತಿದ್ದದ್ದು 1964ರಲ್ಲಿ ಒಂದು ಸಂಘವಾಯಿತು. ಸಂಘದ ಹೆಸರು ಬಾಕ್ ಡ್ಯಾನ್ಸಿಂಗ್ ಅಂಡ್ ಡೈನಮೈಟ್ ಸೊಸೈಟಿ. ಹೆಸರು ಕೇಳಿಯೇ ನಾನು ಹೋಗಲೇಬೇಕು ಅಂದೆ. ಪಿಯಾನೊದ ಬಿಲ್ ಎವನ್ಸ್ 1973ರಲ್ಲಿ ಅಲ್ಲಿ ನುಡಿಸಿದ್ದು ಆಲ್ಬಂ ಆಗಿ ಬಂದಿದೆ. ಡಗ್ಲಸ್ 2014ರಲ್ಲಿ ತೀರಿಕೊಂಡರು, ಆಮೇಲೂ ಕಚೇರಿ ನಿಲ್ಲಲಿಲ್ಲ. ಮಗ ಒಂದು ಭಾನುವಾರ ಕರೆದುಕೊಂಡು ಹೋದ. ಹಿಂದೆ ಅಲೆಯ ಸದ್ದು, ಮುಂದೆ ಡ್ರಮ್ಮು. ಚಳಿಗೆ ಶಾಲು ಬೇಕು ಅಷ್ಟೇ.

ಪ್ರ: ಬೊಸ್ಸಾ ನೋವಾ ಕೂಡ ಲ್ಯಾಟಿನ್ ಜಾಝ್ ತಾನೇ? (ಮಂಗಳೂರು)

ಉ: ಅಂಗಡಿಯಲ್ಲಿ ಒಂದೇ ಕಪಾಟಿನಲ್ಲಿ ಇಡುತ್ತಾರೆ. ಆದರೆ ಅದು ಬ್ರೆಜಿಲ್‌ನದ್ದು, ಸಾಂಬಾ ಅನ್ನುವ ಅಲ್ಲಿನ ಕುಣಿತದ ಸಂಗೀತದ ಕೂಸು, 1958ರ ಸುಮಾರಿಗೆ ರಿಯೊ ನಗರದಲ್ಲಿ ಬೆಳಕಿಗೆ ಬಂತು. ಅದೂ ಮನೆಯದ್ದೇ. ಕೊಪಾಕಬಾನಾ ಬೀಚಿನ ಎದುರು ನಾರಾ ಲಿಯಾಂವ್ ಅನ್ನುವ ಹುಡುಗಿಯ ಅಪ್ಪ ಅಮ್ಮನ ಫ್ಲಾಟ್‌ನಲ್ಲಿ ಗೆಳೆಯರೆಲ್ಲ ಗಿಟಾರ್ ಹಿಡಿದು ಸೇರುತ್ತಿದ್ದರು. ಪಿಸುಮಾತಿನ ಹಾಗೆ ಹಾಡುವುದು ಅದರ ಗುಣ. ಅವತ್ತು ಇವರೂ ಒಂದು ನುಡಿಸಿದರು. ಚೆನ್ನಾಗಿತ್ತು. ನನಗೆ ಕ್ಯೂಬಾದ್ದೇ ಜಾಸ್ತಿ ಹಿಡಿಸಿತು, ಪಕ್ಷಪಾತ ಅನ್ನಿ.

ಪ್ರ: ನಮ್ಮದು ಜಯನಗರದಲ್ಲಿ ಎರಡು ಬೆಡ್‌ರೂಮಿನ ಫ್ಲಾಟ್. ಹೀಗೊಂದು ಕಚೇರಿ ಇಡಬೇಕು ಅಂತ ಆಸೆ. ಏನೇನು ನೋಡಿಕೊಳ್ಳಬೇಕು? ದುಡ್ಡು ಹೇಗೆ ಕೇಳೋದು? (ಬೆಂಗಳೂರು)

ಉ: ದುಡ್ಡಿನಿಂದಲೇ ಶುರು ಮಾಡುತ್ತೇನೆ, ನಮ್ಮವರು ಮುಜುಗರ ಪಡುವುದು ಅಲ್ಲೇ. ಈ ಮನೆಯವರು ಆಮಂತ್ರಣದಲ್ಲೇ ಬರೆದಿದ್ದರು, ತಲೆಗೆ 25 ಡಾಲರ್, ಪೂರ್ತಿ ಕಲಾವಿದರಿಗೆ. ಬಾಗಿಲ ಹತ್ತಿರ ಬುಟ್ಟಿ. ಕೇಳುವವರು ಯಾರೂ ಇಲ್ಲ, ಹಾಕದೆ ಒಳಗೆ ಹೋದವರನ್ನೂ ನಾನು ಕಾಣಲಿಲ್ಲ. 40 ಜನ, ಸಾವಿರ ಡಾಲರ್, ಐವರಿಗೆ ತಲಾ 200. ಮನೆಯವರು ಒಂದು ಕಾಸೂ ಮುಟ್ಟಲಿಲ್ಲ. ನಮ್ಮ ಕಡೆ "ಮನೆಯವರ ಹಾಗೆ ಬಂದು ಹಾಡಿಬಿಡಿ" ಅಂದು ಕೊನೆಗೆ ರವಿಕೆ ಬಟ್ಟೆ, ತೆಂಗಿನಕಾಯಿ ಕೊಟ್ಟು ಕಳಿಸುವ ಅಭ್ಯಾಸ ಇದೆ. ನನ್ನ ಗೆಳತಿಯ ಬೀರುವಿನಲ್ಲಿ ಅಂಥ ರವಿಕೆ ಬಟ್ಟೆ ಒಂದು ರಾಶಿ ಇದೆ. ದಯವಿಟ್ಟು ಕವರಿನಲ್ಲಿ ದುಡ್ಡಿಡಿ. ಎಷ್ಟು ಅಂತ ಮೊದಲೇ ಹೇಳಿ.

ಎರಡು ಬೆಡ್‌ರೂಮಿನ ಹಾಲ್‌ಗೆ ಮೂರು ಜನರ ತಂಡ ಸಾಕು. ಪಿಯಾನೊ ಇಲ್ಲದಿದ್ದರೆ ಗಿಟಾರ್, ಒಂದು ಬಾಸ್, ಒಂದು ಕೋಂಗಾ ಅಥವಾ ಕಹೋನ್. ಕೋಲಿನಲ್ಲಿ ಬಾರಿಸುವ ಡ್ರಮ್ ಬೇಡವೇ ಬೇಡ. ಮೈಕ್ ಕೊಡುತ್ತೇನೆ ಅಂತ ಯಾರಾದರೂ ಮುಂದೆ ಬಂದರೆ ಕಾಫಿ ಕೊಟ್ಟು ಕೂರಿಸಿ. ನೆಲ ಬರೀ ಟೈಲ್ಸ್ ಇದ್ದರೆ ಸದ್ದು ಚೆಂಡಿನ ಹಾಗೆ ಪುಟಿಯುತ್ತದೆ, ಜಮಖಾನ ಹಾಸಿ, ಪರದೆ ಎಳೆಯಿರಿ. ಜನ ಕೂತರೆ ಅರ್ಧ ಸದ್ದು ಅವರೇ ಹೀರುತ್ತಾರೆ. ಕೆಳಗಿನ ಮನೆಯವರಿಗೆ ಮೊದಲೇ ಹೇಳಿ. ಹೇಳುವುದಲ್ಲ, ಕರೆಯಿರಿ. ಕರೆಸಿಕೊಂಡವರು ದೂರು ಕೊಡುವುದಿಲ್ಲ. ಇಲ್ಲಿ 45 ನಿಮಿಷದ ಎರಡು ಸುತ್ತು, ನಡುವೆ ಅರ್ಧ ಗಂಟೆ ಬಿಡುವು, ಒಂಬತ್ತೂವರೆಗೆ ಮುಗಿಯಿತು. ಆ ಬಿಡುವು ಬಿಡಬೇಡಿ. ನನಗೆ ಪಾಠ ಆದದ್ದು ಆವಾಗಲೇ.

ಇನ್ನು ತಿಂಡಿ. ಇದು ನನ್ನ ತಪ್ಪೊಪ್ಪಿಗೆ. ಎಲ್ಲರೂ ಏನಾದರೂ ತರಬೇಕು ಅಂದಿದ್ದರು. ನಾನು ಕೋಡುಬಳೆ ಕರಿದು ಒಯ್ದೆ, ಖಾರ ಸ್ವಲ್ಪ ಮುಂದಾಗಿಯೇ. ಬಿಡುವಿನಲ್ಲಿ ಜನ ಮುಗಿಬಿದ್ದರು, ಉಳಿದದ್ದನ್ನು ತಟ್ಟೆಯಲ್ಲಿ ಹಿಡಿದೇ ಬಂದು ಕೂತರು. ಎರಡನೇ ಸುತ್ತು ಬೊಲೇರೊದಿಂದ ಶುರುವಾಯಿತು. ಬೊಲೇರೊ ಅಂದರೆ ನಿಧಾನದ ಪ್ರೇಮಗೀತೆ. ಕೊಳಲಿನಾಕೆ ಒಂದು ಸ್ವರ ಹಿಡಿದು ಅದನ್ನು ಕರಗಿಸುತ್ತಾ ಕರಗಿಸುತ್ತಾ ಮೌನಕ್ಕೆ ತರುತ್ತಿದ್ದಾಗ, ಮೆಟ್ಟಿಲ ಮೇಲಿಂದ ಕಟುಂ. ಒಂದು ಕ್ಷಣ ಬಿಟ್ಟು ಹಿಂದಿನ ಸಾಲಿನಿಂದ ಕಟುಂ ಕಟುಂ. ಕಹೋನ್‌ನವರು ತಲೆ ತಗ್ಗಿಸಿ ಭುಜ ಅಲ್ಲಾಡಿಸಿ ನಗುತ್ತಿದ್ದರು. ಆದ್ದರಿಂದ ಸದ್ದು ಮಾಡುವ ತಿಂಡಿ ಬೇಡ. ಕೇಸರಿಬಾತ್ ಕ್ಷೇಮ.

ಪ್ರ: ಅವರಲ್ಲಿ ಮನೋಧರ್ಮ, ಅಂದರೆ ಆ ಹೊತ್ತಿಗೆ ತೋಚಿದ್ದನ್ನು ಕಟ್ಟಿ ನುಡಿಸುವುದು ಇದೆಯಾ, ಅಥವಾ ಎಲ್ಲ ಬರೆದಿಟ್ಟುಕೊಂಡು ನುಡಿಸುತ್ತಾರಾ? (ಸಂಗೀತ ಶಿಕ್ಷಕಿ, ತುಮಕೂರು)

ಉ: ಎರಡೂ. ಮುಂದೆ ಸ್ಟ್ಯಾಂಡಿನಲ್ಲಿ ಹಾಳೆ ಇರುತ್ತದೆ. ಮೊದಲು ಹಾಡಿನ ಮೈ ನುಡಿಸುತ್ತಾರೆ, ಆಮೇಲೆ ಒಬ್ಬೊಬ್ಬರೂ ಅದರ ಸ್ವರಮೇಳದ ಮೇಲೆ ಕಟ್ಟುತ್ತಾ ಹೋಗುತ್ತಾರೆ. ಅದು ಜಾಝ್‌ನ ಕಡೆಯದ್ದು. ಕ್ಯೂಬಾ ಕಡೆಯದ್ದು ಕೊನೆಯಲ್ಲಿ ಬರುತ್ತದೆ, ಮೊಂಟುನೊ ಅಂತ. ಪಿಯಾನೊ ಒಂದೇ ತುಣುಕಿನ ಮೇಲೆ ನಿಲ್ಲುತ್ತದೆ, ಮೇಳದವರು ಒಂದೇ ಸಾಲು ಹೇಳುತ್ತಲೇ ಇರುತ್ತಾರೆ, ಮುಖ್ಯ ಹಾಡುಗಾರರು ನಡುವೆ ಆ ಹೊತ್ತಿಗೆ ತೋಚಿದ್ದನ್ನು ಹೊಸೆಯುತ್ತಾರೆ. ನೆರವಲ್ ಅಂತ ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತು. ಆದರೆ ನೆರವಲ್‌ನಲ್ಲಿ ಸಾಹಿತ್ಯ ಅದೇ, ರಾಗ ಹರಡುತ್ತದೆ. ಇಲ್ಲಿ ಸಾಹಿತ್ಯವೇ ಹೊಸದು, ಪಿಯಾನೊದ ತುಣುಕು ಬದಲಾಗುವುದಿಲ್ಲ. ಭಜನೆಗೆ ಹತ್ತಿರ ಅನ್ನಬಹುದೇನೋ, ಮುಂದಾಳು ಹೇಳುವುದು, ಉಳಿದವರು ತಿರುಗಿ ಹೇಳುವುದು. ಮೇಳಕ್ಕೆ ಜನ ಸಾಲದು ಅಂತ ನಮ್ಮಿಂದಲೇ ಹೇಳಿಸಿದರು. ಸ್ಪ್ಯಾನಿಷ್‌ನ ಆರು ಶಬ್ದ. ಅರ್ಥ ಆಮೇಲೆ ಕೇಳಿದೆ. ಕೇಳದಿದ್ದರೆ ಚೆನ್ನಾಗಿತ್ತು, ಮಗನ ಎದುರು ಹೇಳುವಂಥದ್ದಲ್ಲ.

ಪ್ರ: ತ್ಯಾಗರಾಜರನ್ನು ಬಿಟ್ಟು ಅಲ್ಲಿನ ಡಬ್ಬ ಬಡಿಯುವವರನ್ನು ಹೊಗಳುತ್ತೀರಿ. ಅಮೆರಿಕ ನೀರು ಕುಡಿದರೆ ಹೀಗೇನಾ? (ಹಳೇ ಓದುಗ, ಮೈಸೂರು)

ಉ: ನೀರು ಫಿಲ್ಟರಿನದ್ದು, ತೊಂದರೆ ಇಲ್ಲ. ತ್ಯಾಗರಾಜರನ್ನು ಬಿಟ್ಟಿಲ್ಲ, ಬೆಳಗ್ಗೆ ಹಾಡಿಕೊಂಡೇ ಕಾಫಿ ಹಾಕುವುದು. ಆದರೆ ತ್ಯಾಗರಾಜರ ಕೃತಿಗೆ ಪಕ್ಕದಲ್ಲಿ ಪಿಟೀಲು ಕೂತಿರುತ್ತದಲ್ಲ, ಅದು ಯಾವ ಊರಿನದ್ದು ಸ್ವಾಮಿ? ನಮ್ಮ ಮೈಸೂರಿನ ಚೌಡಯ್ಯನವರು ಅದಕ್ಕೆ ಏಳು ತಂತಿ ಹಾಕಿ ನಮ್ಮದೇ ಮಾಡಿಕೊಂಡರು. 1983ರಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಆಲ್ಬಂ ಮಾಡಿದವರು ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರು. ಟಿ. ಎ. ಎಸ್. ಮಣಿಯವರ ಮೃದಂಗ, ಆರ್. ಎ. ರಮಾಮಣಿಯವರ ಹಾಡು. ನೀವು ಕೇಳಿಲ್ಲದಿದ್ದರೆ ಕೇಳಿ, ಆಮೇಲೆ ಇನ್ನೊಂದು ಪತ್ರ ಬರೆಯಿರಿ. ನಿಮ್ಮ ಕೈಬರಹ ಚೆನ್ನಾಗಿದೆ.

ಪ್ರ: ಈಗಲಾದರೂ ನಿಮ್ಮ ಕೈಗೆ ಎರಡು-ಮೂರು ಕೂತಿತಾ? (ಶಿರಸಿ)

ಉ: ದಿನಾ ಬೆಳಗ್ಗೆ ಕುಕ್ಕರ್ ಕೂಗುವ ತನಕ ಅಡುಗೆಮನೆ ಕಟ್ಟೆ ಮೇಲೆ ಸೌಟಿನಲ್ಲಿ ಅಭ್ಯಾಸ. ಮಗ ಪಿಯಾನೊ ಇರುವ ಒಂದು ಹಳೇ ರೆಕಾರ್ಡಿಂಗ್ ಹಾಕಿಕೊಟ್ಟಿದ್ದಾನೆ. ಮೊನ್ನೆ ಸರಿಯಾಗೇ ಹಿಡಿದಿದ್ದೆ, ಐದು ನಿಮಿಷ ಚೂರೂ ಅಲ್ಲಾಡಲಿಲ್ಲ. ಅಷ್ಟರಲ್ಲಿ ಸಾರು ಉಕ್ಕಿತು. ಒಲೆ ಆರಿಸಿ ಬಂದು ಮತ್ತೆ ಶುರು ಮಾಡಿದೆ. ಮಗ ಟಿಫನ್ ಡಬ್ಬ ತಗೊಳ್ಳಲು ಬಂದವನು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತ. "ಅಮ್ಮಾ, ಕ್ರುಸಾದೊ" ಅಂದು ಹೊರಟುಹೋದ.